ಕೋಬ್ರಾ ರೆಪ್ಲಿಕಾಗೆ ಕಬ್ಬಿಣದ ಬ್ಲಾಕ್ ಸಾಕಾ, ಅಲ್ಯೂಮಿನಿಯಂ ಬೇಕಾ?

ಕೋಬ್ರಾ ಅನ್ನೋ 1960ರ ದಶಕದ ಸ್ಪೋರ್ಟ್ಸ್ ಕಾರಿನ ನಕಲು ಕಟ್ಟುತ್ತಿದ್ದೇನೆ, ಅದಕ್ಕೆ ಫೋರ್ಡ್‌ನ 302 V8 ಎಂಜಿನ್ ಹಾಕುತ್ತೇನೆ, ಬರೀ ರಸ್ತೆಯಲ್ಲಿ ಓಡಿಸೋಕೆ, ದುಡ್ಡು ಸ್ವಲ್ಪ ಬಿಗಿ ಅಂತ ನೀವೇ ಬರೆದಿದ್ದೀರಿ. ಹಾಗಿದ್ದರೆ ಬ್ಲಾಕ್, ಅಂದರೆ ಸಿಲಿಂಡರ್‌ಗಳಿರುವ ಎಂಜಿನ್‌ನ ಮುಖ್ಯ ಭಾಗ, ಕಬ್ಬಿಣದ್ದೇ ಇರಲಿ, ಅದರ ಮೇಲೆ ಮುಚ್ಚುವ ಹೆಡ್ ಮಾತ್ರ ಅಲ್ಯೂಮಿನಿಯಂದು ಹಾಕಿಸಿ.

ನಾನು ಟೆಕ್ಸಾಸ್‌ನಲ್ಲಿ ಮನೆಯ ಗ್ಯಾರೇಜಿನಲ್ಲೇ ಇಂಥದ್ದೊಂದು ಕಾರು ಕಟ್ಟಿದವನು. ಶುರುವಿನಲ್ಲಿ ನನಗೂ ಅಲ್ಯೂಮಿನಿಯಂ ಬ್ಲಾಕಿನ ಹುಚ್ಚು ಇತ್ತು. ಆದರೆ ಕಂಪನಿಯಿಂದ ಬಂದ 302 ಬ್ಲಾಕ್ ತೆಳುವಾಗಿ ಎರಕ ಹೊಯ್ದಿದ್ದು, ಕಬ್ಬಿಣವಾದರೂ 60 ಕೆಜಿ ಒಳಗೇ ಇರುತ್ತದೆ. ಅಲ್ಲಿ ಸಾವಿರಾರು ಡಾಲರ್ ಸುರಿದು ಎಷ್ಟು ಇಳಿಸುತ್ತೀರಿ? ಸುಲಭವಾಗಿ ಇಳಿಸಬಹುದಾದ ತೂಕ ಇರೋದು ಹೆಡ್ ಮತ್ತು ಇನ್‌ಟೇಕ್‌ನಲ್ಲಿ (ಸಿಲಿಂಡರ್‌ಗಳಿಗೆ ಗಾಳಿ ಹೋಗುವ ಕೊಳವೆಗಳ ಭಾಗ). ಹಳೇ ಕಬ್ಬಿಣದ ಹೆಡ್ ಬಿಚ್ಚಿ ಬೆಂಚಿನ ಮೇಲಿಡುವಷ್ಟರಲ್ಲಿ ನನ್ನ ಸೊಂಟ ಹಿಡಿದುಕೊಂಡಿತ್ತು, ಹೊಸದನ್ನು ಡಬ್ಬದಿಂದ ತೆಗೆದು ಆರಾಮಾಗಿ ಹಿಡಿದುಕೊಂಡು ಬಂದೆ. ಎರಡೂ ಹೆಡ್ ಸೇರಿ ಸುಮಾರು 20 ಕೆಜಿ ಇಳಿಯುತ್ತದೆ, ಅದೂ ಮುಂದಿನ ಚಕ್ರಗಳ ಮೇಲಿಂದ.

ಒಂದು ಎಚ್ಚರಿಕೆ. 500 ಹಾರ್ಸ್‌ಪವರ್ ಹತ್ತಿರ ಹೋದರೆ ಈ ಹಳೇ ಬ್ಲಾಕ್ ನಂಬಬೇಡಿ. ಎರಡು ಸಾಲು ಸಿಲಿಂಡರ್‌ಗಳ ನಡುವೆ ವಾಲ್ವ್ ಎತ್ತುವ ಲಿಫ್ಟರ್‌ಗಳು ಕೂರುವ ಕಣಿವೆ ಇದೆಯಲ್ಲ, ಅಲ್ಲಿಂದ ಕ್ರ್ಯಾಂಕ್‌ಶಾಫ್ಟ್ ಕೂರುವ ಮೇನ್ ಬೇರಿಂಗ್ ತನಕ ಉದ್ದಕ್ಕೆ ಸೀಳಿ ಎರಡು ಹೋಳಾಗುತ್ತದೆ. ಆಗ ರೇಸಿಂಗ್‌ಗೆ ಅಂತ ಮಾಡಿದ ದಪ್ಪ ಬ್ಲಾಕ್ ಬೇಕು, ಅದು ಕಬ್ಬಿಣದ್ದಾದರೆ ಭಾರ, ಹಾಗಾಗಿ ಅಲ್ಯೂಮಿನಿಯಂಗೆ ಅಲ್ಲಿ ಅರ್ಥ ಇದೆ. ಫೋರ್ಡ್‌ನ ಇನ್ನೂ ದೊಡ್ಡ V8 ಆದ 427 ಹಾಕುವವರಿಗೂ ಅಷ್ಟೇ, ಆ ದೊಡ್ಡ ಬ್ಲಾಕಿನಲ್ಲಿ 40 ಕೆಜಿ ಮೇಲೇ ಉಳಿಯುತ್ತದೆ. ಅಂದಹಾಗೆ 1960ರ ದಶಕದ ಅಸಲಿ 427 ಕೋಬ್ರಾಗಳಲ್ಲಿ ಇದ್ದದ್ದು ಕಬ್ಬಿಣವೇ.

ಅಲ್ಯೂಮಿನಿಯಂಗೆ ಜೋಪಾನವೂ ಜಾಸ್ತಿ ಬೇಕು. ಬಿಸಿಯಾದರೆ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ, ಆಗ ವಾಲ್ವ್ ಗ್ಯಾಪ್ ಹೆಚ್ಚುತ್ತದೆ, ಹಾಗಾಗಿ ಸಾಲಿಡ್ ಲಿಫ್ಟರ್ (ಗ್ಯಾಪ್ ನಾವೇ ಹೊಂದಿಸಬೇಕಾದ ಬಗೆ) ಇದ್ದರೆ ತಣ್ಣಗಿರುವಾಗ ಗ್ಯಾಪ್ ಕಮ್ಮಿ ಇಡಬೇಕು. ಥ್ರೆಡ್ ಅಂತೂ ಬೆಣ್ಣೆ. 302ರ ಟೈಮಿಂಗ್ ಕವರ್ (ಎಂಜಿನ್ ಮುಂಭಾಗದ ಟೈಮಿಂಗ್ ಚೈನಿನ ಮುಚ್ಚಳ) ಅಲ್ಯೂಮಿನಿಯಂದು, ವಾಟರ್ ಪಂಪ್ ಬೋಲ್ಟ್ ಬಿಗಿ ಮಾಡುವಾಗ ಎಷ್ಟು ಬಿಗಿಯಾಯಿತು ಅಂತ ತೋರಿಸುವ ಟಾರ್ಕ್ ರೆಂಚ್ ಹುಡುಕೋಕೆ ಸೋಮಾರಿತನ ಬಂದು ಕೈಯಲ್ಲೇ ತಿರುವಿದೆ, ಥ್ರೆಡ್ ಬೋಲ್ಟಿನ ಜೊತೆ ಸುರುಳಿಯಾಗಿ ಹೊರಗೆ ಬಂತು. ಅದು ಕವರ್, ಹೆಲಿಕಾಯಿಲ್ (ಹೊಸ ಥ್ರೆಡ್ ಆಗಿ ಕೂರುವ ತಂತಿಯ ಸುರುಳಿ) ಹಾಕಿ ಸರಿ ಮಾಡಿದೆ. ಬ್ಲಾಕಿನಲ್ಲೇ ಆಗಿದ್ದರೆ?

ಇಲ್ಲ, ಅಲ್ಯೂಮಿನಿಯಂ ಆಗಲೇಬೇಕು ಅಂದರೆ 302 ಬಿಟ್ಟುಬಿಡಿ, ಫೋರ್ಡ್‌ನ 5.0 ಕೊಯೋಟಿ ನೋಡಿ. ಅದು ಫ್ಯಾಕ್ಟರಿಯಿಂದಲೇ ಅಲ್ಯೂಮಿನಿಯಂ ಬ್ಲಾಕ್. ಆದರೆ ಒಂದೊಂದು ಹೆಡ್‌ನಲ್ಲೂ ವಾಲ್ವ್ ತೆರೆಯುವ ಕ್ಯಾಮ್‌ಶಾಫ್ಟ್ ಎರಡೆರಡು ಇರೋದರಿಂದ ಎಂಜಿನ್ ತುಂಬಾ ಅಗಲ, ಕೊಳ್ಳುವ ಮೊದಲು ಟೇಪ್ ಹಿಡಿದು ನಿಮ್ಮ ಚಾಸಿಸ್ ಅಳೆದು ನೋಡಿ.