ಹರಿಕೇನ್ ಎಂಜಿನ್ ಜೀಪಿನ ಪುಲ್ಲಿಂಗ್ ಹೆಚ್ಚಿಸುವುದು: ಮಕ್ಕಂದೂರಿನ ಸದಸ್ಯರ ಪ್ರಶ್ನೆಗೆ ಉತ್ತರ

ಮಡಿಕೇರಿ ಬಳಿಯ ಮಕ್ಕಂದೂರಿನ ಸದಸ್ಯರ ಪ್ರಶ್ನೆ ಜೀಪಿನ ಪುಲ್ಲಿಂಗ್, ಅಂದರೆ ಎಳೆಯುವ ಬಲದ ಬಗ್ಗೆ. ಅದರ ಸಾರಾಂಶ ಇಷ್ಟು. ಅವರ ಬಳಿ 1964ರ ಮಹೀಂದ್ರ ಸಿಜೆ-3ಬಿ ಇದೆ, ಮೂಲ ಪೆಟ್ರೋಲ್ ಹರಿಕೇನ್ ಎಂಜಿನ್ನೇ ಉಳಿದಿದೆ. ತೋಟದ ಕೆಳಗಿನ ಪಟ್ಟಿಯಿಂದ ಆರು ಚೀಲ ಕಾಫಿ ಹೇರಿಕೊಂಡು ಟಾರು ರಸ್ತೆಗೆ ಏರುವಾಗ ಎರಡನೇ ಗೇರಿನಲ್ಲಿ ಗಾಡಿಗೆ ದಮ್ಮು ಕಟ್ಟುತ್ತದೆ. ವರ್ಕ್‌ಶಾಪಿನವರು ಮೂರು ದಾರಿ ಹೇಳಿದ್ದಾರೆ: ಬೋರ್ ಮಾಡಿಸಿ (ಸಿಲಿಂಡರನ್ನು ಕೊರೆದು ಅಗಲಿಸಿ) ದೊಡ್ಡ ಪಿಸ್ಟನ್ ಹಾಕುವುದು, ಎರಡು ಕಾರ್ಬುರೇಟರ್ ಕೂರಿಸುವುದು, ಇಲ್ಲವಾದರೆ ಎಂಜಿನ್ ಇಳಿಸಿ ಮಹೀಂದ್ರದ ನಂತರದ ಜೀಪು ಎಂಎಂ-540ರ ಡೀಸೆಲ್ ಎಂಜಿನ್ ಕೂರಿಸುವುದು. ಈ ಮೂರರಲ್ಲಿ ಯಾವುದನ್ನೂ ಈಗ ಮಾಡಿಸಬೇಡಿ ಎಂದು ಮೊದಲೇ ಹೇಳುತ್ತೇನೆ. ಹೊಸ ಶಕ್ತಿಯನ್ನು ಹುಡುಕುವ ಮುನ್ನ ಆ ಎಂಜಿನ್ ಕಳೆದುಕೊಂಡಿರುವ ಶಕ್ತಿ ಎಷ್ಟು ಮತ್ತು ಎಲ್ಲಿ ಎಂಬುದನ್ನು ಅಳೆಯಬೇಕು.

ಹರಿಕೇನ್ ಎಂಜಿನ್ 2,199 ಸಿಸಿಯದು. ಬೋರ್ (ಸಿಲಿಂಡರಿನ ವ್ಯಾಸ) 79.4 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) 111 ಮಿ.ಮೀ. ಇನ್‌ಲೆಟ್ ವಾಲ್ವ್ ಹೆಡ್ಡಿನಲ್ಲಿ, ಎಕ್ಸಾಸ್ಟ್ ವಾಲ್ವ್ ಬ್ಲಾಕಿನಲ್ಲಿ. ಎತ್ತರವಾದ ಈ ಎಂಜಿನ್ನಿಗೆ ಜಾಗ ಮಾಡಲೆಂದೇ 3ಬಿಯ ಬಾನೆಟ್ಟನ್ನು ಅಷ್ಟು ಮೇಲಕ್ಕೆತ್ತಿದ್ದಾರೆ. ಹೊಸತಿದ್ದಾಗ 6.9 ಕಂಪ್ರೆಶನ್ ಅನುಪಾತದಲ್ಲಿ (ಪಿಸ್ಟನ್ ಮಿಶ್ರಣವನ್ನು 6.9ರಲ್ಲಿ ಒಂದು ಪಾಲಿಗೆ ಒತ್ತುವ ಲೆಕ್ಕ) 4,000 ಆರ್‌ಪಿಎಮ್‌ಗೆ 72 ಅಶ್ವಶಕ್ತಿ, 2,000 ಆರ್‌ಪಿಎಮ್‌ಗೆ ಸುಮಾರು 155 ನ್ಯೂಟನ್ ಮೀಟರ್ ಟಾರ್ಕ್ (ತಿರುಚುಬಲ) ಕೊಡುತ್ತಿತ್ತು. ಅದು ಸಮುದ್ರಮಟ್ಟದ ಲೆಕ್ಕ. ಮಡಿಕೇರಿಯ ಸುತ್ತಮುತ್ತ, ಸುಮಾರು 1,150 ಮೀಟರ್ ಎತ್ತರದಲ್ಲಿ, ಗಾಳಿಯ ಸಾಂದ್ರತೆಯೇ ಶೇ. 10ರಷ್ಟು ಕಡಿಮೆ ಇರುವುದರಿಂದ ಯಾವ ದೋಷವೂ ಇಲ್ಲದ ಎಂಜಿನ್ ಕೂಡ ಇಲ್ಲಿ 64-65 ಅಶ್ವಶಕ್ತಿಗಿಂತ ಹೆಚ್ಚು ಕೊಡಲಾರದು. ಸಂಪಾಜೆಯ ಕೆಳಗೆ ಚೆನ್ನಾಗಿ ಓಡಿದ ಗಾಡಿ ಘಾಟಿ ಹತ್ತಿದ ಮೇಲೆ ಸ್ವಲ್ಪ ಸಪ್ಪೆಯಾದರೆ ಅದನ್ನು ರೋಗವೆಂದು ತಿಳಿಯಬೇಕಾಗಿಲ್ಲ.

ಖರ್ಚಿಲ್ಲದ ಒಂದು ಪರೀಕ್ಷೆಯಿಂದ ಆರಂಭಿಸಿ. ಅದೇ ಏರಿನಲ್ಲಿ, ಅದೇ ಹೇರಿನೊಂದಿಗೆ, ಫೋರ್ ವೀಲ್ ಲೋ (ನಾಲ್ಕೂ ಚಕ್ರಕ್ಕೆ ಬಲ ಕೊಡುವ ನಿಧಾನದ ಗೇರು) ಹಾಕಿ ಮೊದಲ ಗೇರಿನಲ್ಲಿ ಹತ್ತಿಸಿ ನೋಡಿ. ಮೂಲ ಮೂರು ಗೇರಿನ ಪೆಟ್ಟಿಗೆಯಲ್ಲಿ ಮೊದಲ ಗೇರು 2.8, ಟ್ರಾನ್ಸ್‌ಫರ್ ಕೇಸಿನ (ಬಲವನ್ನು ಮುಂದಿನ, ಹಿಂದಿನ ಆಕ್ಸಲ್ಲಿಗೆ ಹಂಚುವ ಪೆಟ್ಟಿಗೆಯ) ಲೋ 2.46, ಆಕ್ಸಲ್ 5.38, ಗುಣಿಸಿದರೆ ಎಂಜಿನ್ನಿನ ತಿರುಚುಬಲ ಚಕ್ರಕ್ಕೆ ತಲುಪುವಷ್ಟರಲ್ಲಿ ಸುಮಾರು 37 ಪಟ್ಟಾಗುತ್ತದೆ. ಒಂದು ಟನ್ನಿನ ಆಸುಪಾಸು ತೂಗುವ ಈ ಗಾಡಿಯಲ್ಲಿ ಅಷ್ಟು ಬಲ ಬಂದರೆ ಎಂಜಿನ್ ನಿಲ್ಲುವ ಮೊದಲು ಚಕ್ರಗಳೇ ಜಾರಬೇಕು. ಆ ಗೇರಿನಲ್ಲೂ ಎಂಜಿನ್ ನರಳಿ ನಿಂತರೆ, ನಿಮ್ಮ ಎಂಜಿನ್ ಚಿಕ್ಕದೆಂಬುದು ಕಾರಣವಲ್ಲ, ಅದರಲ್ಲಿ ದೋಷವಿದೆ ಎಂದು ಖಚಿತವಾಗಿ ತಿಳಿಯಬಹುದು.

ಮುಂದೆ ಕಂಪ್ರೆಶನ್, ಅಂದರೆ ಪ್ರತಿ ಸಿಲಿಂಡರಿನೊಳಗೆ ಏಳುವ ಒತ್ತಡ ಅಳೆಯಿರಿ. ಎಂಜಿನ್ ಬಿಸಿ ಮಾಡಿ, ನಾಲ್ಕೂ ಪ್ಲಗ್ ಬಿಚ್ಚಿ, ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದು, ಚೆನ್ನಾಗಿ ಚಾರ್ಜ್ ಆದ ಬ್ಯಾಟರಿಯಿಂದ ಸ್ಟಾರ್ಟರ್ ತಿರುಗಿಸಬೇಕು. ಈ ಎಂಜಿನ್ನಿಗೆ ಕೈಪಿಡಿಯಲ್ಲಿ ಕೊಟ್ಟಿರುವುದು 120ರಿಂದ 130 ಪಿಎಸ್‌ಐ (ಚದರ ಇಂಚಿಗೆ ಪೌಂಡ್). ನಮ್ಮ ಎತ್ತರದಲ್ಲಿ 105ರಿಂದ 115 ಬಂದರೂ ಆರೋಗ್ಯವೇ. ಒಟ್ಟು ಅಂಕಿಗಿಂತ ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ ಮುಖ್ಯ, ಅದು 10 ಪಿಎಸ್‌ಐ ಮೀರಬಾರದು. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಏರಿದರೆ ರಿಂಗು ಅಥವಾ ಬೋರ್ ಸವೆದಿದೆ, ಏರದಿದ್ದರೆ ವಾಲ್ವ್ ಸೋರುತ್ತಿದೆ, ಅಕ್ಕಪಕ್ಕದ ಎರಡು ಸಿಲಿಂಡರ್‌ಗಳು ಒಟ್ಟಿಗೆ ತೀರಾ ಕಡಿಮೆ ತೋರಿಸಿದರೆ ಅವುಗಳ ನಡುವೆ ಹೆಡ್ ಗ್ಯಾಸ್ಕೆಟ್ ಹೋಗಿದೆ. ವ್ಯಾಕ್ಯೂಮ್ ಗೇಜ್ (ಎಂಜಿನ್ ಗಾಳಿ ಎಳೆಯುವ ನಿರ್ವಾತ ಅಳೆಯುವ ಸಾಧನ) ಇರುವವರು ಅದನ್ನೂ ಹಾಕಿ ನೋಡಲಿ, ಆದರೆ ಪುಸ್ತಕದಲ್ಲಿರುವ 17ರಿಂದ 21 ಇಂಚು (ಪಾದರಸ) ಸಮುದ್ರಮಟ್ಟದ್ದು. ಪ್ರತಿ 300 ಮೀಟರಿಗೆ ಸುಮಾರು ಒಂದು ಇಂಚು ಕಳೆಯಬೇಕಾದುದರಿಂದ ಮಡಿಕೇರಿಯಲ್ಲಿ ಅಲುಗದೆ ನಿಲ್ಲುವ 15-16 ಇಂಚು ಒಳ್ಳೆಯ ಲಕ್ಷಣ. ಈ ಲೆಕ್ಕ ತಿಳಿಯದೆ ಚೆನ್ನಾಗಿರುವ ಎಂಜಿನ್ ಬಿಚ್ಚಿಸಿದವರೂ ಇದ್ದಾರೆ, ಆದ್ದರಿಂದ ಒತ್ತಿ ಹೇಳುತ್ತಿದ್ದೇನೆ.

ಹರಿಕೇನ್ ಎಂಜಿನ್ನಿನಲ್ಲಿ ಅತಿ ಹೆಚ್ಚು ನಿರ್ಲಕ್ಷ್ಯಕ್ಕೆ ಒಳಗಾಗುವುದು ಎಕ್ಸಾಸ್ಟ್ ಟ್ಯಾಪೆಟ್, ಅಂದರೆ ಎಕ್ಸಾಸ್ಟ್ ವಾಲ್ವನ್ನು ತಳ್ಳುವ ಭಾಗ. ಮೇಲಿನ ಮುಚ್ಚಳ ತೆಗೆದರೆ ಇನ್‌ಲೆಟ್ ರಾಕರ್‌ಗಳು ಕಣ್ಣಿಗೆ ಬೀಳುತ್ತವೆ, ಎಲ್ಲರೂ ಅವನ್ನು ಹೊಂದಿಸುತ್ತಾರೆ. ಎಕ್ಸಾಸ್ಟ್ ಟ್ಯಾಪೆಟ್‌ಗಳು ಬ್ಲಾಕಿನ ಪಕ್ಕದಲ್ಲಿ, ಮ್ಯಾನಿಫೋಲ್ಡಿನ ಹಿಂದಿನ ಮುಚ್ಚಳದೊಳಗೆ ಇರುವುದರಿಂದ ವರ್ಷಗಟ್ಟಲೆ ಯಾರೂ ಮುಟ್ಟುವುದಿಲ್ಲ. ವಾಲ್ವ್ ಸೀಟು ಸವೆದಂತೆ ಟ್ಯಾಪೆಟ್ಟಿಗೂ ವಾಲ್ವಿಗೂ ನಡುವಿನ ಅಂತರ ಕಿರಿದಾಗುತ್ತದೆ, ಟ್ಯಾಪೆಟ್ ಸದ್ದು ಅಡಗುತ್ತದೆ, ಎಂಜಿನ್ ಮೆತ್ತಗಾಗಿದೆ ಎಂದು ಯಜಮಾನರು ಸಂತೋಷಪಡುತ್ತಿರುವಾಗಲೇ ವಾಲ್ವ್ ಪೂರ್ತಿ ಮುಚ್ಚದೆ ಸುಡಲು ಆರಂಭವಾಗಿರುತ್ತದೆ. ಎಂಜಿನ್ ತಣ್ಣಗಿರುವಾಗ ಇನ್‌ಲೆಟ್ಟಿಗೆ 0.018 ಇಂಚು, ಎಕ್ಸಾಸ್ಟಿಗೆ 0.016 ಇಂಚು ಇಡಬೇಕು. ಬರೀ ಇದನ್ನು ಸರಿಪಡಿಸಿದ ಮೇಲೆ ಏರಿನಲ್ಲಿ ಗೇರು ಬದಲಿಸುವುದು ತಪ್ಪಿದ ಜೀಪುಗಳನ್ನು ನಾನು ಕಂಡಿದ್ದೇನೆ.

ಇಗ್ನಿಶನ್ನಿನಲ್ಲಿ ಪಾಯಿಂಟ್ ಅಂತರ 0.020 ಇಂಚು, ಪ್ಲಗ್ ಅಂತರ 0.030 ಇಂಚು, ಟೈಮಿಂಗ್ (ಕಿಡಿ ಹಾರುವ ಕ್ಷಣ) ಟಿಡಿಸಿಗೆ, ಅಂದರೆ ಪಿಸ್ಟನ್ ತುತ್ತತುದಿ ಮುಟ್ಟುವುದಕ್ಕೆ, 5 ಡಿಗ್ರಿ ಮೊದಲು. ಆದರೆ ಟೈಮಿಂಗ್ ಲೈಟಿನಲ್ಲಿ ಐಡಲ್ ನೋಡಿ ಬಿಟ್ಟರೆ ಸಾಲದು. ಡಿಸ್ಟ್ರಿಬ್ಯೂಟರಿನ ಒಳಗಿನ ತೂಕಗಳು ತುಕ್ಕು ಹಿಡಿದು ಅಂಟಿಕೊಂಡಿದ್ದರೆ ವೇಗ ಹೆಚ್ಚಿದಂತೆ ಕಿಡಿ ಮುಂದಕ್ಕೆ ಹೋಗುವುದೇ ಇಲ್ಲ, ನಮ್ಮ ಮಳೆಗಾಲದ ತೇವದಲ್ಲಿ ಇದು ಬಹಳ ಸಾಮಾನ್ಯ. ಕ್ಯಾಪ್ ತೆಗೆದು ರೋಟರನ್ನು ಕೈಯಲ್ಲಿ ತಿರುಚಿ ಬಿಟ್ಟಾಗ ಅದು ಸ್ಪ್ರಿಂಗಿನ ಬಲದಿಂದ ತಾನೇ ಹಿಂದಿರುಗಬೇಕು. ಎತ್ತರದ ಪ್ರದೇಶದಲ್ಲಿ ನಾಕಿಂಗ್ (ಮಿಶ್ರಣ ಹದತಪ್ಪಿ ಸಿಡಿಯುವುದು) ಕಡಿಮೆ ಇರುವುದರಿಂದ ಎರಡು ಡಿಗ್ರಿ ಹೆಚ್ಚು ಅಡ್ವಾನ್ಸ್ ಕೊಟ್ಟು, ಹೇರಿನೊಂದಿಗೆ ಏರಿನಲ್ಲಿ ಕಿವಿಗೊಟ್ಟು ನೋಡಬಹುದು; ಕಿಟಕಿಟ ಸದ್ದು ಕೇಳಿದೊಡನೆ ಹಿಂದಕ್ಕೆ ತನ್ನಿ.

ಈಗ ಇಂಧನದ ವಿಷಯ, ಇದನ್ನು ಬಹಳ ಮಂದಿ ತಲೆಕೆಳಗಾಗಿ ತಿಳಿದಿದ್ದಾರೆ. ಈಗ ಬಂಕಿನಲ್ಲಿ ಸಿಗುವ ಇ-20 (ಶೇ. 20ರಷ್ಟು ಎಥನಾಲ್ ಬೆರೆತ) ಪೆಟ್ರೋಲಿಗೆ ಹಳೆಯ ಪೆಟ್ರೋಲಿಗಿಂತ ಕಡಿಮೆ ಗಾಳಿ ಸಾಕು, ಹಾಗಾಗಿ ಹಳೆಯ ಜೆಟ್ಟಿನಲ್ಲೇ (ಕಾರ್ಬುರೇಟರಿನಲ್ಲಿ ಪೆಟ್ರೋಲನ್ನು ಅಳೆದು ಬಿಡುವ ಸಣ್ಣ ರಂಧ್ರ) ಓಡಿಸಿದರೆ ಮಿಶ್ರಣ ಶೇ. 7ರಷ್ಟು ತೆಳುವಾಗುತ್ತದೆ. ಅದೇ ಹೊತ್ತಿಗೆ, ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗಿ ಕಾರ್ಬುರೇಟರಿನ ಮಿಶ್ರಣ ದಪ್ಪವಾಗುತ್ತದೆ, ನಮ್ಮ ಎತ್ತರದಲ್ಲಿ ಅದು ಶೇ. 5-6ರಷ್ಟು. ಅಂದರೆ ಮಡಿಕೇರಿಯ ಮಟ್ಟದಲ್ಲಿ ಇವೆರಡೂ ಹೆಚ್ಚುಕಡಿಮೆ ಸರಿದೂಗುತ್ತವೆ ಮತ್ತು ಮೇನ್ ಜೆಟ್ ಬದಲಿಸುವ ಅಗತ್ಯ ಬಹುಪಾಲು ಬರುವುದಿಲ್ಲ, ಆದರೆ ಇದೇ ಗಾಡಿಯನ್ನು ಸುಳ್ಯ, ಮಂಗಳೂರಿನ ಕಡೆಗೆ ಇಳಿಸಿದರೆ ಅಲ್ಲಿ ಮಿಶ್ರಣ ತೆಳುವಾಗಿ ಎಂಜಿನ್ ಬಿಸಿಯಾಗುತ್ತದೆ. ಘಾಟಿ ಇಳಿದು ಓಡಾಡುವವರು ಒಂದು ಅಳತೆ ದೊಡ್ಡ ಜೆಟ್ ಇಟ್ಟುಕೊಳ್ಳುವುದು ಕ್ಷೇಮ. ಅದಕ್ಕಿಂತ ಮುಖ್ಯವಾಗಿ, ಹಳೆಯ ರಬ್ಬರ್ ಪೈಪು ಮತ್ತು ಪೆಟ್ರೋಲ್ ಪಂಪಿನ ಡಯಾಫ್ರಾಮನ್ನು ಎಥನಾಲ್ ತಡೆಯುವಂಥದ್ದಕ್ಕೆ ಬದಲಿಸಿ. ಏರಿನಲ್ಲಿ ಪೆಟ್ರೋಲ್ ಸಾಲದೆ ಎಂಜಿನ್ ತಡವರಿಸುವುದಕ್ಕೆ ಸೋತ ಡಯಾಫ್ರಾಮ್ ಮುಖ್ಯ ಕಾರಣಗಳಲ್ಲಿ ಒಂದು. ಎಥನಾಲ್ ನೀರನ್ನು ಹೀರಿಕೊಳ್ಳುವುದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಡಿಯನ್ನು ಅರ್ಧ ಟ್ಯಾಂಕಿನಲ್ಲಿ ಶೆಡ್ಡಿನಲ್ಲಿ ಬಿಡಬೇಡಿ. ಎಂಜಿನ್ನಿನ ಕಂಪ್ರೆಶನ್ 6.9 ಮಾತ್ರ ಇರುವಾಗ ದುಬಾರಿ ಪ್ರೀಮಿಯಂ ಪೆಟ್ರೋಲಿನಿಂದ ಶಕ್ತಿ ಹೆಚ್ಚುವುದಿಲ್ಲ.

ಏರ್ ಕ್ಲೀನರಿನ ಎಣ್ಣೆಯನ್ನು ಗುರುತಿನ ಮಟ್ಟಕ್ಕೆ ಇಡಿ, ಸೈಲೆನ್ಸರಿನ ಒಳತಗಡು ಕಳಚಿ ದಾರಿ ಕಟ್ಟಿದೆಯೇ ನೋಡಿ, ತೆಗೆದು ಎಸೆದಿರುವ ಥರ್ಮೋಸ್ಟಾಟನ್ನು ಮರಳಿ ಹಾಕಿಸಿ. ನಮ್ಮ ಮಂಜಿನಲ್ಲಿ ಥರ್ಮೋಸ್ಟಾಟ್ ಇಲ್ಲದ ಎಂಜಿನ್ ಬೇಕಾದಷ್ಟು ಬಿಸಿಯೇರದೆ ಪೆಟ್ರೋಲನ್ನು ಆಯಿಲಿಗೆ ಬೆರೆಸುತ್ತದೆ. ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನ್ಯೂಟ್ರಲ್ ಮಾಡಿ ಒಬ್ಬರೇ ತಳ್ಳಿ ನೋಡಿ. ಕದಲದಿದ್ದರೆ ಬ್ರೇಕ್ ಹಿಡಿದುಕೊಂಡಿದೆ.

ಇಷ್ಟೆಲ್ಲ ಸರಿಯಾದ ಮೇಲೆ ಮೂಲಕ್ಕಿಂತ ಹೆಚ್ಚು ಶಕ್ತಿ ಬೇಕೆಂದರೆ ನಾನು ಒಪ್ಪುವ ದಾರಿ ಒಂದೇ, ಹೆಡ್ಡಿನ ಕಂಪ್ರೆಶನ್ ಹೆಚ್ಚಿಸುವುದು. ಪ್ರತಿ ಸಿಲಿಂಡರ್ 550 ಸಿಸಿ, 6.9 ಕಂಪ್ರೆಶನ್ನಿಗೆ ದಹನಕೋಶದ ಒಟ್ಟು ಗಾತ್ರ 93 ಸಿಸಿ. ಹೆಡ್ಡಿನ ತಳ ಹೆರೆಸಿ ಅದನ್ನು 86ಕ್ಕೆ ಇಳಿಸಿದರೆ 7.4 ಆಗುತ್ತದೆ. 7.4ರ ಹೆಡ್ಡನ್ನು ಈ ಎಂಜಿನ್ನಿಗೆ ಕಂಪನಿಯೇ ಕೊಡುತ್ತಿದ್ದುದರಿಂದ ಕ್ರ್ಯಾಂಕಿಗೂ ಬೇರಿಂಗಿಗೂ ಅದು ಹೊರೆಯಲ್ಲ. ಲಾಭ ಶೇ. 2ರಿಂದ 4ರಷ್ಟು, ಆದರೆ ಎಲ್ಲ ವೇಗದಲ್ಲೂ ಸಿಗುತ್ತದೆ. ಲೇತ್ ಅಂಗಡಿಯಲ್ಲಿ ಕಣ್ಣಂದಾಜಿನಲ್ಲಿ ಹೆರೆಸಬೇಡಿ. ಹಿಂದೆ ಯಾರಾದರೂ ಹೆರೆಸಿರಬಹುದು, ಆದ್ದರಿಂದ ಮೊದಲು ಕೋಶಕ್ಕೆ ಎಣ್ಣೆ ಸುರಿದು ಅಳೆಯಬೇಕು. ಎಕ್ಸಾಸ್ಟ್ ವಾಲ್ವ್ ಬ್ಲಾಕಿನಿಂದ ಮೇಲೆದ್ದು ಹೆಡ್ಡಿನ ಕುಳಿಗೆ ಬರುವುದರಿಂದ ಅದು ತಗಲದಂತೆ ಜಾಗ ಉಳಿದಿದೆಯೇ ಎಂದು ಮೇಣದ ಮುದ್ದೆ ಇಟ್ಟು ಪರೀಕ್ಷಿಸಬೇಕು.

ವರ್ಕ್‌ಶಾಪಿನವರ ಸಲಹೆಗಳಿಗೆ ಬರುತ್ತೇನೆ. ಒಂದು ಮಿ.ಮೀ. ಬೋರ್ ಹೆಚ್ಚಿಸಿದರೆ ಸೇರುವುದು 56 ಸಿಸಿ, ಶೇ. 2.5 ಮಾತ್ರ. ಸವೆದ ಬೋರ್ ಸರಿಪಡಿಸಲು ಅದು ಬೇಕಾಗಬಹುದು, ಶಕ್ತಿಗಾಗಿ ಅಲ್ಲ. ಹರಿಕೇನ್‌ನಲ್ಲಿ ಇನ್‌ಟೇಕ್ ಮ್ಯಾನಿಫೋಲ್ಡನ್ನು ಹೆಡ್ಡಿನೊಳಗೇ ಎರಕ ಹೊಯ್ದಿರುವುದರಿಂದ ಎರಡನೇ ಕಾರ್ಬುರೇಟರ್ ಕೂರಿಸಲು ಹೆಡ್ಡನ್ನೇ ಕೊರೆಯಬೇಕಾಗುತ್ತದೆ. ಕೊರೆಸಿದರೂ ಲಾಭ ಸಿಗುವುದು 4,000 ಆರ್‌ಪಿಎಮ್‌ಗಿಂತ ಮೇಲೆ, ಅಲ್ಲಿ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 15 ಮೀಟರ್ ಸಮೀಪಿಸುತ್ತದೆ ಮತ್ತು ಮೂರೇ ಮೇನ್ ಬೇರಿಂಗಿನ ಈ ಕ್ರ್ಯಾಂಕಿಗೆ ಅದು ಒಳ್ಳೆಯದಲ್ಲ. ಇನ್ನು ಎಂಎಂ-540ರ 2,112 ಸಿಸಿಯ ಪ್ಯೂಜೊ ಡೀಸೆಲ್ 62 ಅಶ್ವಶಕ್ತಿಯದು, ಟಾರ್ಕ್ ಸುಮಾರು 120 ನ್ಯೂಟನ್ ಮೀಟರ್. ಹರಿಕೇನ್ನಿನ 155 ಹಳೆಯ ಪದ್ಧತಿಯ, ಬಿಡಿ ಎಂಜಿನ್ನಿನ (ಫ್ಯಾನ್ ಮೊದಲಾದ ಹೊರೆ ಇಲ್ಲದ) ಅಳತೆಯೆಂದು ಒಪ್ಪಿ ಒಂದಿಷ್ಟು ಕಳೆದರೂ, ಆರೋಗ್ಯವಾಗಿರುವ ಪೆಟ್ರೋಲ್ ಎಂಜಿನ್ ಹಿಂದೆ ಬೀಳುವುದಿಲ್ಲ. ಡೀಸೆಲ್‌ನಿಂದ ನಿಮಗೆ ಸಿಗುವುದು ಇಂಧನದ ಉಳಿತಾಯ, ಪುಲ್ಲಿಂಗ್ ಅಲ್ಲ. ಮೇಲಾಗಿ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಎಂಜಿನ್ ಬದಲಾವಣೆಗೆ ಆರ್‌ಟಿಒ ಅನುಮತಿ ಬೇಕು, ಮತ್ತು 2021ರ ವಿಂಟೇಜ್ ವಾಹನ ನಿಯಮಗಳಡಿ 50 ವರ್ಷ ದಾಟಿದ ಗಾಡಿಯನ್ನು ನೋಂದಾಯಿಸಬೇಕಾದರೆ ಚಾಸಿ, ಬಾಡಿ, ಎಂಜಿನ್ ಗಣನೀಯವಾಗಿ ಮಾರ್ಪಾಡಾಗಿರಬಾರದು. ವಿಂಟೇಜ್ ನೋಂದಣಿಯ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲವಾದ್ದರಿಂದ ನಿಮಗೆ ಈಗ ಅದು ಬೇಡ, ಆದರೆ ಮುಂದಿನ ತಲೆಮಾರಿಗೆ ಆ ಬಾಗಿಲನ್ನು ಮುಚ್ಚಬೇಡಿ.

ಫೋಟೊದಲ್ಲಿ ನಿಮ್ಮ ಜೀಪಿಗೆ 31 ಇಂಚಿನ ಅಗಲ ಟೈರುಗಳಿವೆ. ಮೂಲದ 6.00-16 ಟೈರಿನ ಎತ್ತರ ಸುಮಾರು 28 ಇಂಚು. ಚಕ್ರ ದೊಡ್ಡದಾದಷ್ಟೂ ನೆಲವನ್ನು ತಳ್ಳುವ ಬಲ ಕಡಿಮೆಯಾಗುತ್ತದೆ, ನಿಮ್ಮ ಲೆಕ್ಕದಲ್ಲಿ ಹತ್ತರಲ್ಲಿ ಒಂದು ಪಾಲು ಅಲ್ಲೇ ಹೋಗಿದೆ. ಹೆಡ್ ಹೆರೆಸಿ ಗಳಿಸುವುದಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ಮಂಡಲಪಟ್ಟಿಯ ದಾರಿಯ ಜೀಪುಗಳನ್ನು ನೋಡಿ ಆ ಟೈರು ಹಾಕಿಸಿದ್ದರೆ, ಕಾಫಿ ಹೇರುವ ಕಾಲಕ್ಕಾದರೂ ಸಣ್ಣ ಟೈರಿಗೆ ಮರಳಿ. 9 ಇಂಚಿನ ಡ್ರಮ್ ಬ್ರೇಕಿಗೂ ಅದರಿಂದ ಅನುಕೂಲ. ಹೇರಿನೊಂದಿಗೆ ಇಳಿಯುವಾಗ ಸಿಜೆ-3ಬಿಯನ್ನು ಕಾಯುವುದು ಬ್ರೇಕಿಗಿಂತ ಹೆಚ್ಚಾಗಿ ಲೋ ಗೇರು.

ನಾಲ್ಕು ಸಿಲಿಂಡರ್‌ಗಳ ಕಂಪ್ರೆಶನ್ ಅಂಕಿಗಳನ್ನು, ಆಯಿಲ್ ಬಿಟ್ಟ ನಂತರದ ಅಂಕಿಗಳನ್ನೂ ಸೇರಿಸಿ, ಎಕ್ಸಾಸ್ಟ್ ಟ್ಯಾಪೆಟ್ ಹೊಂದಿಸುವ ಮೊದಲು ಅವುಗಳ ಅಂತರ ಎಷ್ಟಿತ್ತು ಎಂಬುದರೊಂದಿಗೆ ಇಲ್ಲೇ ಬರೆಯಿರಿ. ಹೆಡ್ ಬಿಚ್ಚಬೇಕೇ ಬೇಡವೇ ಎಂಬುದನ್ನು ಅದನ್ನು ನೋಡಿ ಹೇಳಬಹುದು.