ಇಂಗ್ಲೆಂಡಿನ ಇಯರ್ ಫೈವ್ (9-10 ವರ್ಷದ) ಮಕ್ಕಳಿಗೆ ಆರಂಭಿಕ ಇಸ್ಲಾಮಿಕ್ ನಾಗರಿಕತೆಯ ಪಾಠ: ಧರ್ಮದ ವಿಷಯ ಬಿಟ್ಟು ಬರೀ ಆವಿಷ್ಕಾರಗಳನ್ನು ಹೇಳಿದರೆ ಸಾಕಾ? ಇಲ್ಲ, ಮಾಯಾ ನಾಗರಿಕತೆಯನ್ನೇ ಆರಿಸಿಕೊಳ್ಳಲಾ?

ಸಾಕಾಗುವುದಿಲ್ಲ. ನಾನೂ ಹಾಗೇ ಮಾಡಿ ಕೈ ಸುಟ್ಟುಕೊಂಡವಳು.

ಇಸ್ಲಾಮಿಕ್ ನಾಗರಿಕತೆ ಆರಿಸಿಕೊಂಡರೆ ಇಲ್ಲಿನ ಪಠ್ಯಕ್ರಮ ಕೇಳುವುದು ಕ್ರಿ.ಶ. 900ರ ಸುಮಾರಿನ ಬಾಗ್ದಾದ್. ಧರ್ಮದ ಗೊಡವೆ ಬೇಡ, ಪೋಷಕರು ಯಾರಾದರೂ ಜಗಳಕ್ಕೆ ಬಂದರೆ ಕಷ್ಟ ಅಂತ ಅಂಕಿಗಳಿಂದ ಶುರು ಮಾಡಿದೆ. ಅಂಕಿ ಅಂದಮೇಲೆ ನನ್ನೊಳಗಿನ ಇಂಡಿಯಾದವಳು ಸುಮ್ನೆ ಇರುತ್ತಾಳಾ? ಅರೇಬಿಕ್ ಅಂಕಿ ಅನ್ನುತ್ತೀರಲ್ಲ, ಅದು ನಮ್ಮದು ಅಂದೆ. ಬ್ರಹ್ಮಗುಪ್ತ 628ರಲ್ಲೇ ಸೊನ್ನೆಯ ಲೆಕ್ಕಕ್ಕೆ ನಿಯಮ ಬರೆದ ಅಂದೆ. ಬಾಗ್ದಾದಿನ ಗಣಿತಜ್ಞ ಅಲ್-ಖ್ವಾರಿಜ್ಮಿ ಬರೆದ ಒಂದು ಪುಸ್ತಕವೇ ಹಿಂದೂ ಲೆಕ್ಕದ ಬಗ್ಗೆ ಅಂದೆ. ಮುಂದಿನ ವಾರ ಗ್ರೀಕ್ ಪುಸ್ತಕಗಳ ಅನುವಾದದ ಪಾಠ.

ಇದರಲ್ಲಿ ಒಂದೂ ಸುಳ್ಳಿಲ್ಲ. ಆದರೆ ಕೊನೆಯ ಬರವಣಿಗೆ ತಿದ್ದಲು ಕೂತರೆ, ಹೆಚ್ಚುಕಮ್ಮಿ ಎಲ್ಲ ಪುಸ್ತಕದಲ್ಲೂ ಒಂದೇ ಮಾತು: ಬಾಗ್ದಾದಿನವರು ಇಂಡಿಯಾ ಮತ್ತು ಗ್ರೀಸಿನಿಂದ ಕಾಪಿ ಹೊಡೆದರು. ತರಗತಿಯ ಮುಸ್ಲಿಂ ಮಕ್ಕಳೂ ಅದನ್ನೇ ಬರೆದಿದ್ದರು. ಅರ್ಧ ಟರ್ಮಿನ ಕೆಲಸ ಮತ್ತೆ ಮಾಡಬೇಕಾಯಿತು.

ಇಂಡಿಯಾದ ಹೆಸರು ಹೇಳಿದ್ದು ತಪ್ಪಲ್ಲ, ಈಗಲೂ ಹೇಳುತ್ತೇನೆ. ಯಾವುದು ಎಲ್ಲಿಂದ ಬಂತು ಅಂತಷ್ಟೇ ಹೇಳಿ, ಬಂದಮೇಲೆ ಏನಾಯಿತು ಅನ್ನುವುದನ್ನು ಬಿಟ್ಟೆ. ನಮ್ಮ ಅಂಕಿಗಳ ಲೆಕ್ಕವನ್ನು ಅಲ್ಲಿ ಧೂಳಿನ ಹಲಗೆಯ ಮೇಲೆ, ಅಳಿಸಿ ಅಳಿಸಿ ಮಾಡುತ್ತಿದ್ದರು. 952ರಲ್ಲಿ ಡಮಾಸ್ಕಸ್‌ನ ಗಣಿತಜ್ಞ ಅಲ್-ಉಕ್ಲಿದಿಸಿ, ಅಳಿಸದೆ ಕಾಗದದ ಮೇಲೆ ಮಾಡುವ ಕ್ರಮವನ್ನು ಬರೆದಿಟ್ಟ. ಅದೇ ಪುಸ್ತಕದಲ್ಲಿ ದಶಮಾಂಶವೂ ಇದೆ! ಈಗ ಮಕ್ಕಳಿಗೆ ಒಂದು ಟ್ರೇ ಮರಳು ಕೊಟ್ಟು ಗುಣಾಕಾರ ಮಾಡಿಸುತ್ತೇನೆ. ತಪ್ಪು ಎಲ್ಲಾಯಿತು ಅಂತ ಹುಡುಕಲು ಹೋದರೆ ಅಳಿಸಿ ಹೋಗಿರುತ್ತದೆ. ಕಾಗದ ಯಾಕೆ ಬೇಕಿತ್ತು ಅಂತ ನಾನು ಹೇಳಬೇಕಾಗಿಯೇ ಇಲ್ಲ.

ಅನುವಾದದ ಪಾಠವನ್ನೂ ಬದಲಾಯಿಸಿದೆ. ಹುನೈನ್ ಇಬ್ನ್ ಇಸ್ಹಾಕ್ ಅನ್ನುವ ಕ್ರೈಸ್ತ ವೈದ್ಯ ಗ್ರೀಕ್ ವೈದ್ಯ ಗೇಲನ್‌ನ ಒಂದು ಪುಸ್ತಕಕ್ಕಾಗಿ ಸಿರಿಯಾ, ಪ್ಯಾಲೆಸ್ಟೈನ್, ಈಜಿಪ್ಟ್ ಎಲ್ಲ ಸುತ್ತಿದ. ಸಿಕ್ಕಿದ್ದು ಸುಮಾರು ಅರ್ಧ, ಅದೂ ಡಮಾಸ್ಕಸ್‌ನಲ್ಲಿ. ಹಲವು ಪ್ರತಿ ಸಿಕ್ಕರೆ ಒಂದಕ್ಕೊಂದು ಹೋಲಿಸಿ, ಸರಿಪಡಿಸಿಯೇ ಅನುವಾದಿಸುತ್ತಿದ್ದ. ಒಂದೇ ಪ್ಯಾರಾದ ಮೂರು ತಪ್ಪು ಪ್ರತಿ ಮಾಡಿ ಮಕ್ಕಳಿಗೆ ಕೊಡಿ, ಸರಿಯಾದದ್ದು ಯಾವುದು ಅಂತ ಕಿತ್ತಾಡಲಿ.

ಇನ್ನು ಧರ್ಮ. ನಮಾಜಿನ ಹೊತ್ತು, ಮೆಕ್ಕಾದ ದಿಕ್ಕು ಲೆಕ್ಕ ಹಾಕಲು ಖಗೋಳಶಾಸ್ತ್ರ ಬೇಕಿತ್ತು. ಧರ್ಮ ತೆಗೆದರೆ ಆ ವಿಜ್ಞಾನ ಯಾಕೆ ಬೇಕಾಯಿತು ಅಂತ ಹೇಗೆ ಹೇಳುತ್ತೀರಿ? ಮಾಯಾ ಬೇಡ ಅನ್ನುವುದಕ್ಕೂ ನನ್ನ ಬಳಿ ಒಂದೇ ಕಾರಣ ಇದೆ, ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಒಂದು ಚಿನ್ನದ ನಾಣ್ಯ. ಆಗಿನ ಇಂಗ್ಲೆಂಡಿನ ಒಂದು ರಾಜ್ಯವಾದ ಮರ್ಸಿಯಾದ ರಾಜ ಆಫಾ, ಬಾಗ್ದಾದ್ ಕಟ್ಟಿಸಿದ ಖಲೀಫ ಅಲ್-ಮನ್ಸೂರನ ದಿನಾರ್ ನೋಡಿ ಮಾಡಿಸಿದ್ದು. ಅದರ ಮೇಲೆ ಅಲ್ಲಾಹನ ಹೊರತು ದೇವರಿಲ್ಲ ಅಂತ ಅರಬ್ಬಿಯಲ್ಲಿದೆ, ನಡುವೆ ರಾಜನ ಹೆಸರು ತಲೆಕೆಳಗಾಗಿ ಕೂತಿದೆ. ಮೊದಲ ಪಾಠಕ್ಕೆ ಇದನ್ನೇ ತೋರಿಸಿ. ಕಾಪಿ ಹೊಡೆದವರು ಯಾರು ಅಂತ ಮಕ್ಕಳೇ ನಗುತ್ತಾರೆ.

ರೆಡಿಮೇಡ್ ವರ್ಕ್‌ಶೀಟ್ ಇಳಿಸಿಕೊಳ್ಳುವುದಾದರೆ ಮೊದಲು ಅದರಲ್ಲಿ ಬಾಗ್ದಾದಿನವರು ಕಾಫಿ ಕುಡಿಯುತ್ತಿದ್ದರು ಅಂತ ಇದೆಯಾ ನೋಡಿ, ಇದ್ದರೆ ಬೇಡ. ಕಾಫಿ ಕುಡಿಯುವುದು ಯೆಮೆನ್‌ನಲ್ಲಿ ಶುರುವಾಗಿದ್ದು 15ನೇ ಶತಮಾನದಲ್ಲಿ. ಬಾಗ್ದಾದ್ ಇರುವುದು ಟೈಗ್ರಿಸ್ ದಡದಲ್ಲಿ, ಹಾಗಾಗಿ ದೋಣಿ ಒಂದೂ ಇಲ್ಲದೆ ಬರೀ ಒಂಟೆ ಇರುವ ಚಿತ್ರಗಳೂ ಬೇಡ.