ಒಳ್ಳೆ ಬೇಸ್‌ಬಾಲ್ ಪಿಚರ್ ಕೂಡ 25 ವರ್ಷದ ತನಕ ಯಾಕೆ ಕಾಯಬೇಕು?

ಐಪಿಎಲ್‌ನಲ್ಲಿ 19ರ ಹುಡುಗ ಬಂದು ಬೌಲಿಂಗ್ ಮಾಡುತ್ತಾನೆ, ಅಮೆರಿಕದ ಪಿಚರ್‌ಗಳು (ಬೇಸ್‌ಬಾಲ್‌ನ ಬೌಲರ್‌ಗಳು) ಮಾತ್ರ ಕಾಲೇಜು, ಆಮೇಲೆ ಮೈನರ್ ಲೀಗ್ (ದೊಡ್ಡ ಲೀಗಿನ ಕೆಳಗಿನ ತಯಾರಿ ಲೀಗ್‌ಗಳು) ಅಂತ ವರ್ಷಗಟ್ಟಲೆ ಯಾಕೆ ಸುತ್ತುತ್ತಾರೆ ಅಂತ ಕೇಳಿದ್ದೀರಿ. ಕಾರಣ ಹಲವು ಇವೆ, ಆದರೆ ನನ್ನನ್ನು ಕೇಳಿದರೆ ದೊಡ್ಡ ಕಾರಣ ಮೊಣಕೈ, ಅದು ಕೆಟ್ಟರೆ ವರ್ಷವೇ ಹೋಗುತ್ತದೆ.

ಐಪಿಎಲ್ ಬೌಲರ್ ಪಂದ್ಯಕ್ಕೆ 24 ಎಸೆತ ಹಾಕಿದರೆ ಅವನ ಕೆಲಸ ಮುಗಿಯಿತು. ಸ್ಟಾರ್ಟಿಂಗ್ ಪಿಚರ್, ಅಂದರೆ ಪಂದ್ಯ ಶುರು ಮಾಡುವವನು, ಒಂದೇ ರಾತ್ರಿ 90-100 ಎಸೆಯಬೇಕು. ನಾಲ್ಕೈದು ದಿನ ಬಿಟ್ಟು ಮತ್ತೆ ಅಷ್ಟೇ, ಹೀಗೆ ಏಪ್ರಿಲ್‌ನಿಂದ ಸೆಪ್ಟೆಂಬರ್ ತನಕ. ಅದೇ ಬ್ಯಾಟರ್ ಅದೇ ರಾತ್ರಿ ಎರಡು-ಮೂರು ಸಲ ಎದುರು ಬಂದು ನಿಲ್ಲುತ್ತಾನೆ ಬೇರೆ. ಬರೀ ವೇಗ ನಂಬಿಕೊಂಡವನು ಮೊದಲ ಸಲ ಬಚಾವಾಗುತ್ತಾನೆ, ಮೂರನೇ ಸಲಕ್ಕೆ ಚೆಂಡು ಪ್ರೇಕ್ಷಕರ ಕೈಯಲ್ಲಿರುತ್ತದೆ.

ನಾನು ನ್ಯೂಯಾರ್ಕ್‌ನ ಮೆಟ್ಸ್ ತಂಡದ ಅಭಿಮಾನಿ, ಹಾಗಾಗಿ ಉದಾಹರಣೆಗೂ ಆ ತಂಡದವನನ್ನೇ ತರುತ್ತೇನೆ. ಜೇಕಬ್ ಡಿಗ್ರಾಮ್. ಫ್ಲಾರಿಡಾದ ಸ್ಟೆಟ್ಸನ್ ಕಾಲೇಜಿನಲ್ಲಿ ಇವನು ಮೊದಲು ಪಿಚರ್ರೇ ಅಲ್ಲ, ಶಾರ್ಟ್‌ಸ್ಟಾಪ್, ಅಂದರೆ ಎರಡನೇ-ಮೂರನೇ ಬೇಸ್ ನಡುವಿನ ಫೀಲ್ಡರ್! ಬ್ಯಾಟಿಂಗ್ ಅಷ್ಟಕ್ಕಷ್ಟೇ. ಕಾಲೇಜಿನಲ್ಲಿ ಹೊಡೆದದ್ದು ಒಂದೇ ಹೋಮ್ ರನ್ (ನಮ್ಮ ಸಿಕ್ಸರ್ ತರಹ), ಅದೂ ಯಾರ ಎಸೆತಕ್ಕೆ ಗೊತ್ತಾ, ಮುಂದೆ ದೊಡ್ಡ ಹೆಸರು ಮಾಡಿದ ಪಿಚರ್ ಕ್ರಿಸ್ ಸೇಲ್‌ನದಕ್ಕೆ. ಕೈಯಲ್ಲಿ ಕಸುವಿದೆ ಅಂತ ಮೂರನೇ ವರ್ಷ, 2010ರಲ್ಲಿ, ಪಿಚಿಂಗ್‌ಗೆ ಹಾಕಿದರು. ಆ ವರ್ಷವೇ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟಿನಲ್ಲಿ ಮೆಟ್ಸ್ ಒಂಬತ್ತನೇ ಸುತ್ತಿನಲ್ಲಿ, 272ನೆಯವನಾಗಿ ತೆಗೆದುಕೊಂಡಿತು. ಸೈನಿಂಗ್ ಬೋನಸ್ 95,000 ಡಾಲರ್. ಅದೇ ಡ್ರಾಫ್ಟಿನಲ್ಲಿ ಅವರ ಮೊದಲ ಆಯ್ಕೆ ಮ್ಯಾಟ್ ಹಾರ್ವಿಗೆ 25 ಲಕ್ಷ ಡಾಲರ್‌ಗಿಂತ ಜಾಸ್ತಿ ಸಿಕ್ಕಿತ್ತು.

ಡಿಗ್ರಾಮ್ ಟೆನೆಸ್ಸಿಯ ಕಿಂಗ್ಸ್‌ಪೋರ್ಟ್‌ನ ಮೈನರ್ ಲೀಗ್ ತಂಡಕ್ಕೆ ಆರು ಪಂದ್ಯ ಎಸೆದ, ಮೊಣಕೈ ಲಿಗಮೆಂಟ್ ಹೋಯಿತು. ಟಾಮಿ ಜಾನ್ ಆಪರೇಷನ್ ಮಾಡಿದರು. ಮೈಯ ಬೇರೆ ಕಡೆಯ, ಸಾಮಾನ್ಯವಾಗಿ ಮುಂಗೈಯ, ಒಂದು ಟೆಂಡನ್ ತೆಗೆದು, ಮೊಣಕೈ ಮೂಳೆಯಲ್ಲಿ ತೂತು ಕೊರೆದು, ಅದರಲ್ಲಿ ಪೋಣಿಸಿ ಕಟ್ಟುತ್ತಾರೆ. 1974ರಲ್ಲಿ ಮೊದಲು ಮಾಡಿಸಿಕೊಂಡ ಪಿಚರ್‌ನ ಹೆಸರೇ ಅದಕ್ಕೆ ನಿಂತಿದೆ. 2011 ಪೂರ್ತಿ ಆಟ ಇಲ್ಲ. ಆದರೆ ಆ ಖಾಲಿ ವರ್ಷದಲ್ಲೇ ಅವನಿಗೆ ಮೆಟ್ಸ್‌ನ ತರಬೇತಿ ನಡೆಯುವ ಪೋರ್ಟ್ ಸೇಂಟ್ ಲೂಸಿಯಲ್ಲಿ ಆ ತಂಡದ ಹಿರಿಯ ಪಿಚರ್ ಯೋಹಾನ್ ಸಂಟಾನ ಸಿಕ್ಕ. ಅವನೂ ಗಾಯದಿಂದ ಸುಧಾರಿಸಿಕೊಳ್ಳುತ್ತಿದ್ದ. ಚೇಂಜಪ್ ಹಿಡಿಯುವ ರೀತಿ ಹೇಳಿಕೊಟ್ಟವನು ಅವನೇ. ಫಾಸ್ಟ್‌ಬಾಲ್ ಹಾಕುವ ಕೈಯ ಓಟದಲ್ಲೇ ನಿಧಾನದ ಚೆಂಡು ಬಿಡುವುದು, ಬ್ಯಾಟರ್ ಬೇಗ ಬೀಸಿ ಸುಮ್ನೆ ನಿಲ್ಲುತ್ತಾನೆ.

ಆಮೇಲೆ ಸವಾನಾ, ಸೇಂಟ್ ಲೂಸಿ, ಬಿಂಗ್‌ಹ್ಯಾಮ್ಟನ್, ಲಾಸ್ ವೇಗಸ್, ಮೈನರ್ ಲೀಗಿನ ಒಂದೊಂದೇ ಮೆಟ್ಟಿಲು. 2014ರ ಮೇ 15ರಂದು ಯಾಂಕೀಸ್ ತಂಡದ ವಿರುದ್ಧ ದೊಡ್ಡ ಲೀಗಿನ ಮೊದಲ ಪಂದ್ಯ. ಆಗ 26ಕ್ಕೆ ಒಂದು ತಿಂಗಳು ಬಾಕಿ. ಏಳು ಇನಿಂಗ್ಸ್‌ನಲ್ಲಿ ಕೊಟ್ಟದ್ದು ಒಂದೇ ರನ್, ಆದರೂ 1-0ರಿಂದ ಸೋತ. ಆ ಸೀಸನ್‌ನಲ್ಲಿ ಮೆಟ್ಸ್ ಪಿಚರ್‌ಗಳು ಬ್ಯಾಟ್ ಹಿಡಿದು ಒಂದೂ ಹಿಟ್ ಮಾಡಿರಲಿಲ್ಲ, ಅದನ್ನೂ ಮೊದಲು ಮಾಡಿದವನು ಈ ಹಳೇ ಶಾರ್ಟ್‌ಸ್ಟಾಪೇ. ಆ ವರ್ಷ ಹೊಸಬರಿಗೆ ಕೊಡುವ ರೂಕಿ ಪ್ರಶಸ್ತಿ, 2018 ಮತ್ತು 2019ರಲ್ಲಿ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್.

ಹಾರ್ವಿ? ಅವನು 2012ರಲ್ಲೇ ಮೇಲೆ ಬಂದ, 2013ರಲ್ಲಿ ಆಯ್ದ ತಾರೆಯರ ಆಲ್-ಸ್ಟಾರ್ ಪಂದ್ಯ ಶುರು ಮಾಡಿದ, ಅದೇ ವರ್ಷ ಅವನಿಗೂ ಅದೇ ಆಪರೇಷನ್. ಕಾಲೇಜು, ಮೈನರ್ ಲೀಗ್ ದಾಟಿದವರ ಕೈ ಗಟ್ಟಿ ಅಂತೇನೂ ಇಲ್ಲ. ಡಿಗ್ರಾಮ್‌ಗೂ 2023ರಲ್ಲಿ ಎರಡನೇ ಸಲ ಕೊಯ್ದರು.

ಇನ್ನು ಕಾಲೇಜು ಕಡ್ಡಾಯವಾ ಅಂದರೆ, ಅಲ್ಲ. ಹೈಸ್ಕೂಲ್ ಮುಗಿಸಿ ನೇರ ಡ್ರಾಫ್ಟಿಗೆ ಹೋಗಬಹುದು. ಆದರೆ ನಾಲ್ಕು ವರ್ಷದ ಕಾಲೇಜು ಸೇರಿದರೆ ಮೂರು ವರ್ಷ ಮುಗಿಯುವ ತನಕ, ಇಲ್ಲವೇ 21 ತುಂಬುವ ತನಕ ಕಾಯಬೇಕು. ದೊಡ್ಡ ಬೋನಸ್ ಕೊಟ್ಟರೆ ಹೋಗಲಿ, ಇಲ್ಲದಿದ್ದರೆ ಕಾಲೇಜೇ ವಾಸಿ ಅನ್ನುವುದು ನನ್ನ ಅಭಿಪ್ರಾಯ, ಯಾಕೆಂದರೆ ಮೈನರ್ ಲೀಗಿನ ಸಂಬಳ ಕೇಳಿದರೆ ನಗು ಬರುತ್ತದೆ. 2023ರಲ್ಲಿ ಆಟಗಾರರ ಯೂನಿಯನ್ ಒಪ್ಪಂದ ಆದ ಮೇಲೂ ಡಬಲ್-ಎ (ಮೈನರ್ ಲೀಗಿನ ಮೇಲಿನಿಂದ ಎರಡನೇ ಮಟ್ಟ) ಆಟಗಾರನ ಕನಿಷ್ಠ ಸಂಬಳ ಆ ವರ್ಷ 30,250 ಡಾಲರ್ ಇತ್ತು. ಅದಕ್ಕೂ ಮುಂಚೆ ಇದರ ಅರ್ಧವೂ ಇರಲಿಲ್ಲ.